ಕಿರಣಕ್ಕೆ ಲೆಕ್ಕ ಕೊಡುವವರು

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಕೂಡ ಹೆಚ್ಚುಕಡಿಮೆ ಅದೇ ಎತ್ತರದ ಬಯಲಿನ ಊರುಗಳು. ಮಂಗಳೂರಿನ ಕಡಲದಂಡೆಗಿಂತ ಇಲ್ಲಿನ ಗಾಳಿಯ ಒತ್ತಡ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಕ್ಯಾನ್ಸರ್ ರೋಗಿಗೆ ವಿಕಿರಣ ಕೊಡುವ ಯಂತ್ರವನ್ನು ಅಳೆಯುವ ವ್ಯಕ್ತಿ ಈ ಹತ್ತರಲ್ಲೊಂದು ಪಾಲನ್ನು ಒಂದು ದಿನವೂ ಮರೆಯುವಂತಿಲ್ಲ. ಅವರು ವೈದ್ಯಕೀಯ ಭೌತವಿಜ್ಞಾನಿ. ಆಸ್ಪತ್ರೆಯೊಳಗೆ ಅವರನ್ನು ಕರೆಯುವುದು ಬರೀ ‘ಫಿಸಿಸಿಸ್ಟ್’ ಎಂದು.

ಬೆಂಗಳೂರು ಗ್ರಾಮಾಂತರದ ನಾಲ್ಕೂ ತಾಲ್ಲೂಕುಗಳಿಂದ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ‘ಕರೆಂಟು ಕೊಡಿಸಲು’ ಹೋಗಿಬರುವ ಮನೆಗಳಿವೆ. 1973ರಲ್ಲಿ ಶುರುವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆನಿಸಿದ ಸಂಸ್ಥೆ ಅದು. ಅಲ್ಲಿಗೆ ಹೋದವರು ವೈದ್ಯರನ್ನು ನೆನೆಯುತ್ತಾರೆ, ಮೇಜಿನ ಮೇಲೆ ಅಲುಗಾಡದಂತೆ ಮಲಗಿಸಿದ ಟೆಕ್ನಾಲಜಿಸ್ಟರನ್ನು ನೆನೆಯುತ್ತಾರೆ. ಫಿಸಿಸಿಸ್ಟ್ ಅವರ ಕಣ್ಣಿಗೆ ಬಿದ್ದಿರುವುದೇ ಕಡಿಮೆ. ಯಾವ ಗೆಡ್ಡೆಗೆ ಎಷ್ಟು ವಿಕಿರಣ ಎಂದು ವೈದ್ಯರು ಬರೆಯುತ್ತಾರೆ. ಬರೆದಷ್ಟೇ ವಿಕಿರಣ, ಬರೆದ ಜಾಗಕ್ಕೇ ಹೋಗುತ್ತದೆ ಎಂಬುದಕ್ಕೆ ಹೊಣೆಗಾರರು ಈ ಮೂರನೆಯವರು.

ವಿಕಿರಣದ ಪ್ರಮಾಣಕ್ಕೆ ಗ್ರೇ ಎಂಬ ಅಳತೆ. ಒಂದು ಕಿಲೋ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿದರೆ ಒಂದು ಗ್ರೇ. ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ, ಒಟ್ಟು 30 ಕಂತುಗಳಲ್ಲಿ 60 ಗ್ರೇ ಕೊಡುವುದು ಬಹುಕಾಲದಿಂದ ನಡೆದುಬಂದ ಒಂದು ಕ್ರಮ. ಒಂದು ಗ್ರೇ ನೀರನ್ನು ಬಿಸಿ ಮಾಡುವುದು ಒಂದು ಡಿಗ್ರಿಯ ನಾಲ್ಕು ಸಾವಿರದಲ್ಲೊಂದು ಭಾಗದಷ್ಟು ಮಾತ್ರ. ಆದ್ದರಿಂದ ಕಿರಣ ಹಾಯುವಾಗ ರೋಗಿಗೆ ಬಿಸಿಯಿಲ್ಲ, ನೋವಿಲ್ಲ. ಆದರೆ ಅಷ್ಟೇ ಶಕ್ತಿ ಜೀವಕೋಶದ ಡಿಎನ್‌ಎ ಎಳೆಗಳನ್ನು ತುಂಡರಿಸಬಲ್ಲದು. ಕಿರಣ ಹೆಚ್ಚಾದರೂ ಕಡಿಮೆಯಾದರೂ ಆ ಗಳಿಗೆಯಲ್ಲಿ ಮೈ ಯಾವ ಸುಳಿವನ್ನೂ ಕೊಡುವುದಿಲ್ಲ. ಹೆಚ್ಚಾಗಿತ್ತೆಂದು ಗೊತ್ತಾಗುವ ಹೊತ್ತಿಗೆ ವಾರಗಳೋ ತಿಂಗಳುಗಳೋ ಕಳೆದಿರುತ್ತವೆ. ಇಲ್ಲಿ ನಂಬಬಹುದಾದದ್ದು ಅಳತೆಯೊಂದನ್ನೇ.

ಆ ಅಳತೆ ನಡೆಯುವುದು ನೀರಿನಲ್ಲಿ. ನಮ್ಮ ದೇಹದ ಬಹುಭಾಗ ನೀರೇ ಆದ್ದರಿಂದ, ಮೂವತ್ತು ಸೆಂಟಿಮೀಟರ್ ಚೌಕದ ಪಾರದರ್ಶಕ ತೊಟ್ಟಿಯೊಂದಕ್ಕೆ ನೀರು ತುಂಬಿ ಯಂತ್ರದ ಕೆಳಗಿಡುತ್ತಾರೆ. ಹತ್ತು ಸೆಂಟಿಮೀಟರ್ ಆಳದಲ್ಲಿ ಬೆರಳಿಗಿಂತ ಸಣ್ಣದಾದ ಅಯಾನು ಕೋಶವನ್ನು ನಿಲ್ಲಿಸುತ್ತಾರೆ. ಅದರೊಳಗಿರುವುದು 0.6 ಘನ ಸೆಂಟಿಮೀಟರ್ ಗಾಳಿ. ಕಿರಣ ಹಾಯ್ದಾಗ ಆ ಗಾಳಿಯಲ್ಲಿ ಹುಟ್ಟುವ ವಿದ್ಯುದಾವೇಶವನ್ನು ಕೋಣೆಯ ಹೊರಗಿರುವ ಎಲೆಕ್ಟ್ರೋಮೀಟರ್ ನ್ಯಾನೊಕೂಲಂಬ್‌ಗಳಲ್ಲಿ ತೋರಿಸುತ್ತದೆ. ಕೋಶಕ್ಕೆ ಸಣ್ಣದೊಂದು ರಂಧ್ರವಿದ್ದು ಒಳಗಿನ ಗಾಳಿ ಹೊರಗಿನ ಗಾಳಿಯ ಜೊತೆ ಸದಾ ಸಂಪರ್ಕದಲ್ಲಿರುತ್ತದೆ. ಒತ್ತಡ ಇಳಿದರೆ ಒಳಗಿನ ಗಾಳಿಯ ಅಣುಗಳೂ ಕಡಿಮೆ, ಮೀಟರಿನ ಅಂಕಿಯೂ ಕಡಿಮೆ. ಕೋಶಕ್ಕೆ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ಕೊಡುವ ಪ್ರಮಾಣಪತ್ರ 20 ಡಿಗ್ರಿ ಉಷ್ಣಾಂಶ, 1013.25 ಹೆಕ್ಟೊಪ್ಯಾಸ್ಕಲ್ ಒತ್ತಡಕ್ಕೆ ಸಂಬಂಧಿಸಿದ್ದು. ನಮ್ಮ ಬಯಲುಸೀಮೆಯ ಒತ್ತಡವೋ 910ರ ಆಸುಪಾಸು. ನೀರು 23 ಡಿಗ್ರಿ, ಒತ್ತಡ 912 ಇದ್ದರೆ ಮೀಟರಿನ ಅಂಕಿಯನ್ನು 1.12ರಿಂದ ಗುಣಿಸಬೇಕು. ನೀರು ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಕಾಯಬೇಕು, ಬ್ಯಾರೋಮೀಟರನ್ನು ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ಓದಬೇಕು. ಅವಸರದವರಿಗೆ ಒಗ್ಗುವ ಕೆಲಸವಲ್ಲ ಇದು.

ಈ ಗುಣಾಕಾರವನ್ನು ಮರೆತರೆ? ಯಂತ್ರ ಕಡಿಮೆ ಕೊಡುತ್ತಿದೆ ಎಂದು ತೋರುತ್ತದೆ. ಕಡಿಮೆಯಾದದ್ದನ್ನು ತುಂಬಲು ಸಮಯ ಹೆಚ್ಚಿಸುತ್ತಾರೆ. ಆಗ 60 ಗ್ರೇ ಎಂದು ಬರೆದಲ್ಲಿ 66 ದಾಟಿ ಹೋಗುತ್ತದೆ. ಕೊಡುವ ಪ್ರಮಾಣ ಬರೆದದ್ದಕ್ಕಿಂತ ಶೇ 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎಂಬುದು ಜಗತ್ತಿನ ಆಸ್ಪತ್ರೆಗಳು ಒಪ್ಪಿಕೊಂಡ ಮಿತಿ. ಇಲ್ಲಿ ಇನ್ನೊಂದು ಗುಂಡಿಯೂ ಇದೆ. ಹವಾಮಾನ ವರದಿಯಲ್ಲೋ ವಿಮಾನ ನಿಲ್ದಾಣದ ಪ್ರಕಟಣೆಯಲ್ಲೋ ಸಿಗುವ ಒತ್ತಡದ ಅಂಕಿ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ್ದು. ಪೈಲಟ್‌ಗಳಿಗೆ ಬೇಕಾದದ್ದು ಅದೇ. ದೇವನಹಳ್ಳಿಯಿಂದ ಬಂದ 1014 ಎಂಬ ಅಂಕಿಯನ್ನು ಹಾಗೇ ಸೂತ್ರಕ್ಕೆ ಹಾಕಿದ ವಿದ್ಯಾರ್ಥಿ ಒಂದೇ ಏಟಿಗೆ ಶೇ 11ರಷ್ಟು ತಪ್ಪಿರುತ್ತಾನೆ. ಎತ್ತರದ ಊರಿನ ಆಸ್ಪತ್ರೆಯೊಂದು ವಿಮಾನ ನಿಲ್ದಾಣದ ಅಂಕಿಯನ್ನು ನಂಬಿ ರೋಗಿಗಳಿಗೆ ಹೆಚ್ಚು ವಿಕಿರಣ ಕೊಟ್ಟ ಪ್ರಕರಣ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ದಾಖಲೆಗಳಲ್ಲಿದೆ. ಬೆಂಗಳೂರಿನಲ್ಲಿ ಕಲಿಯುವವರಿಗೆ ಈ ಪಾಠವನ್ನು ಮೊದಲ ವಾರದಲ್ಲೇ ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯದು ಕೋಬಾಲ್ಟ್. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಅಂದರೆ ತಿಂಗಳಿಗೆ ಸುಮಾರು ಶೇ 1ರಷ್ಟು ಶಕ್ತಿ ಕುಂದುತ್ತದೆ. ಅದಕ್ಕೆ ತಕ್ಕಂತೆ ಚಿಕಿತ್ಸೆಯ ಸಮಯವನ್ನು ಹೆಚ್ಚಿಸುತ್ತ ಹೋಗಬೇಕು. ಭಾಭಾ ಕೇಂದ್ರ ರೂಪಿಸಿದ ಸ್ವದೇಶಿ ಕೋಬಾಲ್ಟ್ ಯಂತ್ರ ಭಾಭಾಟ್ರಾನನ್ನು ತಯಾರಿಸುವುದು ನಮ್ಮ ಬೆಂಗಳೂರಿನ ಪ್ಯಾನೇಷಿಯಾ ಕಂಪನಿ. ಆ ಯಂತ್ರ ವಿಯೆಟ್ನಾಂವರೆಗೂ ಹೋಗಿದೆ. ಇನ್ನೊಂದು ಲೀನಿಯರ್ ಆಕ್ಸಿಲರೇಟರ್, ವಿದ್ಯುತ್ತಿನಿಂದಲೇ ಎಕ್ಸ್-ರೇ ಹುಟ್ಟಿಸುವಂಥದ್ದು. ಅದರ ಆರು ಮೆಗಾವೋಲ್ಟ್ ಕಿರಣದ ತೀವ್ರತೆ ಹೆಚ್ಚಿರುವುದು ಚರ್ಮದ ಮೇಲಲ್ಲ, ಒಂದೂವರೆ ಸೆಂಟಿಮೀಟರ್ ಕೆಳಗೆ. ಕೋಬಾಲ್ಟಿನದು ಅರ್ಧ ಸೆಂಟಿಮೀಟರಿನಲ್ಲೇ. ಒಳಗಿನ ಗೆಡ್ಡೆಗೆ ಚಿಕಿತ್ಸೆ ಕೊಡುವಾಗ ಮೇಲಿನ ಚರ್ಮ ಉಳಿಯುವುದು ಇದರಿಂದ. ಕೋಣೆಯ ಕಾಂಕ್ರೀಟ್ ಗೋಡೆ ಎಷ್ಟು ದಪ್ಪವಿರಬೇಕು ಎಂಬ ಲೆಕ್ಕವೂ ಫಿಸಿಸಿಸ್ಟರದೇ. ಕಿರಣ ನೇರವಾಗಿ ಬೀಳುವ ಕಡೆ ಅದು ಎರಡು ಮೀಟರ್ ಮುಟ್ಟುವುದುಂಟು.

ಪ್ರತಿದಿನ ಬೆಳಿಗ್ಗೆ ಮೊದಲ ರೋಗಿಗಿಂತ ಮುಂಚೆ ಯಂತ್ರದ ಪರೀಕ್ಷೆ. ಅಂಕಿ ತಾಳೆಯಾಗದಿದ್ದರೆ, ಐದು ಗಂಟೆಯ ಬಸ್ಸು ಹಿಡಿದು ಬಂದವರು ಹೊರಗೆ ಸಾಲಾಗಿ ಕೂತಿದ್ದರೂ, ಚಿಕಿತ್ಸೆ ಬೇಡ ಎನ್ನಬೇಕಾದವರು ಇವರೇ. ಹಾಗೆ ಹೇಳುವುದು ಕಷ್ಟ. ಹೇಳುವ ಧೈರ್ಯ ಸೂತ್ರಗಳಷ್ಟೇ ಮುಖ್ಯವಾದ ಕಲಿಕೆ.

ನಮ್ಮ ತಾಲ್ಲೂಕು ಕೇಂದ್ರಗಳ ಡಿಗ್ರಿ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವ ಹುಡುಗ ಹುಡುಗಿಯರ ಕಣ್ಣಮುಂದೆ ಬಿ.ಇಡಿ., ಬ್ಯಾಂಕ್ ಪರೀಕ್ಷೆ, ಐ.ಟಿ. ಕಂಪನಿ ಇಷ್ಟೇ ಇರುತ್ತವೆ. ಈ ದಾರಿಯನ್ನೂ ಯಾರಾದರೂ ತೋರಿಸಬೇಕು. ಭೌತಶಾಸ್ತ್ರದೊಂದಿಗೆ ಬಿ.ಎಸ್ಸಿ. ಮುಗಿಸಿದವರು ಎರಡು ವರ್ಷದ ಎಂ.ಎಸ್ಸಿ. ಮಾಡಬಹುದು, ಕಿದ್ವಾಯಿಯಲ್ಲಿ ರೇಡಿಯೇಷನ್ ಫಿಸಿಕ್ಸ್, ಮಣಿಪಾಲದಲ್ಲಿ ಮೆಡಿಕಲ್ ರೇಡಿಯೇಷನ್ ಫಿಸಿಕ್ಸ್ ಕೋರ್ಸುಗಳಿವೆ. ಭೌತಶಾಸ್ತ್ರದಲ್ಲೇ ಎಂ.ಎಸ್ಸಿ. ಮಾಡಿದವರಿಗೆ ಭಾಭಾ ಕೇಂದ್ರದ ಒಂದು ವರ್ಷದ ಡಿಪ್ಲೊಮಾ ಇದೆ, 1962ರಿಂದ ನಡೆಯುತ್ತಿರುವಂಥದ್ದು. ಓದು ಮುಗಿದ ಮೇಲೆ ವಿಕಿರಣ ಚಿಕಿತ್ಸೆಯಿರುವ ಆಸ್ಪತ್ರೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ, ಅರ್ಹ ಫಿಸಿಸಿಸ್ಟ್ ಇಲ್ಲದೆ ಯಾವ ಆಸ್ಪತ್ರೆಯೂ ವಿಕಿರಣ ಚಿಕಿತ್ಸೆಯ ಘಟಕ ನಡೆಸುವಂತಿಲ್ಲ. ತುಮಕೂರಿನ ಕಡೆಗೋ ಕೋಲಾರದ ಕಡೆಗೋ ಹೊಸ ಯಂತ್ರವೊಂದು ಬಂದಾಗಲೆಲ್ಲ ಇಂಥವರೊಬ್ಬರು ಅದಕ್ಕೂ ಮೊದಲೇ ಅಲ್ಲಿರಬೇಕಾಗುತ್ತದೆ.