ವಿದ್ಯುತ್ ಕಾರಿನ ಬ್ಯಾಟರಿ: ಬದಲಿಸುವ ವೆಚ್ಚದ ಲೆಕ್ಕಾಚಾರ

ಮಹಾನಗರದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಹೊಸ ಕಾರಿನ ಮಾತು ಬಂದಾಗಲೆಲ್ಲ ಈಗ ಎರಡು ಪಕ್ಷಗಳು ಏರ್ಪಡುವುದುಂಟು. ಪೆಟ್ರೋಲಿಗೆ ಸುರಿಯುವ ಹಣವೆಲ್ಲ ಉಳಿಯುವುದರಿಂದ ವಿದ್ಯುತ್ ಕಾರನ್ನೇ ಕೊಳ್ಳಬೇಕೆಂಬುದು ಒಂದು ಪಕ್ಷ. ಎಂಟು ವರ್ಷಗಳ ನಂತರ ಬ್ಯಾಟರಿ ಕೈಕೊಟ್ಟರೆ ಐದಾರು ಲಕ್ಷ ರೂಪಾಯಿಗಳನ್ನು ಎಲ್ಲಿಂದ ತರುವುದು ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವಿದೆ, ಆದರೆ ಎರಡೂ ಅರ್ಧ ಲೆಕ್ಕಗಳೇ. ಮೊದಲನೆಯದು ಜಮೆಯ ಬದಿಯನ್ನು ಮಾತ್ರ ನೋಡುತ್ತದೆ, ಎರಡನೆಯದು ಖರ್ಚಿನ ಬದಿಯನ್ನು ಮಾತ್ರ. ಜಮೆ-ಖರ್ಚುಗಳೆರಡನ್ನೂ ಒಂದೇ ಪುಟದಲ್ಲಿ ಬರೆದು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಸವೆಯುವ ಆಸ್ತಿ

ಆರೋಗ್ಯ ಲೇಖನಗಳಿಗೆ ಹೆಸರಾದ ಇಂತಹ ಸಂಚಿಕೆಯಲ್ಲಿ ಬ್ಯಾಟರಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಬ್ಯಾಟರಿಗೂ ಆರೋಗ್ಯವೆಂಬುದೊಂದುಂಟು, ತಂತ್ರಜ್ಞರು ಅದನ್ನು 'ಸ್ಟೇಟ್ ಆಫ್ ಹೆಲ್ತ್' ಎಂದೇ ಕರೆಯುತ್ತಾರೆ. ಹೊಸದಾಗಿದ್ದಾಗ ತುಂಬಿಕೊಳ್ಳುತ್ತಿದ್ದ ವಿದ್ಯುತ್ತಿನಲ್ಲಿ ಈಗ ನೂರಕ್ಕೆ ಎಷ್ಟು ಪಾಲನ್ನು ತುಂಬಿಕೊಳ್ಳಬಲ್ಲುದು ಎಂಬುದೇ ಈ ಆರೋಗ್ಯದ ಅಳತೆ.

ಇಂದಿನ ವಿದ್ಯುತ್ ಕಾರುಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಈ ಬಗೆಯ ಬ್ಯಾಟರಿಯನ್ನು 1991ರಲ್ಲಿ ಜಪಾನಿನ ಸೋನಿ ಕಂಪನಿಯು ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಗುಡಿನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಬ್ಯಾಟರಿಯ ಎರಡು ಧ್ರುವಗಳ ನಡುವೆ ಲಿಥಿಯಂ ಕಣಗಳು ಅತ್ತಿಂದಿತ್ತ ಸಂಚರಿಸುವುದರಿಂದ ವಿದ್ಯುತ್ತು ತುಂಬುತ್ತದೆ, ಬರಿದಾಗುತ್ತದೆ. ಹೀಗೆ ಸಂಚರಿಸುವಾಗ ಸ್ವಲ್ಪ ಲಿಥಿಯಂ ಗ್ರಾಫೈಟ್ ಧ್ರುವದ ಮೇಲೆ ಪೊರೆಯಾಗಿ ಸಿಕ್ಕಿಕೊಳ್ಳುತ್ತದೆ. ಅದು ಮತ್ತೆ ಕೆಲಸಕ್ಕೆ ಬಾರದು. ಇದೇ ಸವಕಳಿ. ಬಿಸಿಲು ಮತ್ತು ಕಾವು ಹೆಚ್ಚಿದಷ್ಟೂ ಈ ಪೊರೆ ಬೇಗ ಬೆಳೆಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಾರನ್ನು ಓಡಿಸಿದರೂ ಸವಕಳಿ ಉಂಟು, ಮನೆಯ ಮುಂದೆ ನಿಲ್ಲಿಸಿದರೂ ಉಂಟು. ಕಾಲವೂ ಬ್ಯಾಟರಿಯನ್ನು ಸವೆಸುತ್ತದೆ. ಈ ಮಾತಿನ ಮಹತ್ವ ಮುಂದೆ ಲೆಕ್ಕ ಹಾಕುವಾಗ ತಿಳಿಯುವುದು.

ಹಾಗೆಂದು ಎಂಟನೆಯ ವರ್ಷ ಮುಗಿದ ಮರುದಿನವೇ ಬ್ಯಾಟರಿ ಸತ್ತುಬೀಳುತ್ತದೆಂದು ಭಾವಿಸಬೇಕಾಗಿಲ್ಲ. ವಿದೇಶಗಳಲ್ಲಿ ಸಾವಿರಾರು ಕಾರುಗಳನ್ನು ಪರೀಕ್ಷಿಸಿದಾಗ ವರ್ಷಕ್ಕೆ ಸರಾಸರಿ ನೂರಕ್ಕೆ ಎರಡರ ಆಸುಪಾಸಿನಲ್ಲಿ ಶಕ್ತಿ ಕುಂದುವುದು ಕಂಡುಬಂದಿದೆ. ಎಂಟು ವರ್ಷಗಳಿಗೆ ನೂರಕ್ಕೆ ಹದಿನಾರರಷ್ಟು ಕಳೆದರೂ ಎಂಬತ್ತನಾಲ್ಕು ಉಳಿಯಿತು. ಒಮ್ಮೆ ತುಂಬಿಸಿದರೆ 200 ಕಿಲೋಮೀಟರ್ ಓಡುತ್ತಿದ್ದ ಕಾರು 168 ಕಿಲೋಮೀಟರ್ ಓಡುವುದೆಂದಾಯಿತು. ಆದರೆ ಇದು ಸರಾಸರಿ ಮಾತ್ರ. ನಮ್ಮ ದೇಶದ ಬೇಸಗೆಯನ್ನು ಮರೆಯಲಾಗದು.

ಬೆಲೆ ಇಳಿದು ಬಂದ ಬಗೆ

ಬ್ಯಾಟರಿ ಬದಲಿಸುವ ಚಿಂತೆ ಕನ್ನಡ ನಾಡಿಗೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಟ ರೇವಾ ಎಂಬ ಪುಟ್ಟ ಕಾರು ಲಂಡನ್ನಿನ ಬೀದಿಗಳಲ್ಲಿಯೂ ಜಿ-ವಿಜ್ ಎಂಬ ಹೆಸರಿನಿಂದ ಓಡಿತು. ಅದರಲ್ಲಿದ್ದುದು ಎಂಟು ಸೀಸ-ಆಮ್ಲ ಬ್ಯಾಟರಿಗಳು. ಅಂತಹವು ಕೆಲವೇ ವರ್ಷಗಳಲ್ಲಿ ಬದಲಾವಣೆಯನ್ನು ಬೇಡುವಂತಹವು. ಲಿಥಿಯಂ ಬಂದ ಮೇಲೆ ಬ್ಯಾಟರಿಯ ಆಯುಷ್ಯ ಹೆಚ್ಚಿತು, ಜೊತೆಗೆ ಬೆಲೆಯೂ ಹೆಚ್ಚಿತು. 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ನಿಸ್ಸಾನ್ ಲೀಫ್ ಕಾರಿನ ಬ್ಯಾಟರಿಗೆ ದ್ರವದಿಂದ ತಂಪುಮಾಡುವ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದಂತಹ ಉಷ್ಣ ಪ್ರದೇಶದಲ್ಲಿ ಅದು ಬೇಗನೆ ಶಕ್ತಿಗುಂದಿದಾಗ, 2012ರಲ್ಲಿ ಗ್ರಾಹಕರ ದೂರುಗಳು ಎದ್ದವು. 2014ರಲ್ಲಿ ಕಂಪನಿಯು ಅದರ 24 ಯೂನಿಟ್‌ಗಳ ಹೊಸ ಬ್ಯಾಟರಿಗೆ, ಹಳೆಯದನ್ನು ಹಿಂದಿರುಗಿಸಬೇಕೆಂಬ ಷರತ್ತಿನೊಡನೆ, 5,499 ಡಾಲರುಗಳ ಬೆಲೆಯನ್ನು ಪ್ರಕಟಿಸಿತು.

ಆ ಬಳಿಕ ಬೆಲೆ ಬಹಳ ಇಳಿದಿದೆ. ಒಂದು ಯೂನಿಟ್ ವಿದ್ಯುತ್ತನ್ನು ಹಿಡಿದಿಡಬಲ್ಲ ಬ್ಯಾಟರಿಗೆ 2010ರಲ್ಲಿ ಸಾವಿರ ಡಾಲರಿಗೂ ಹೆಚ್ಚು ಬೆಲೆಯಿತ್ತು. 2024ರಲ್ಲಿ ಜಾಗತಿಕ ಸರಾಸರಿ ಸುಮಾರು 115 ಡಾಲರಿಗೆ ಬಂದು ನಿಂತಿತು. ಈ ಲೆಕ್ಕದಲ್ಲಿ 30 ಯೂನಿಟ್ ಬ್ಯಾಟರಿಗೆ ಅಂದಿನ ವಿನಿಮಯ ದರದಂತೆ ಸುಮಾರು ಮೂರು ಲಕ್ಷ ರೂಪಾಯಿ. ಆದರೆ ಇದು ಸಾವಿರಗಟ್ಟಲೆ ಕೊಳ್ಳುವ ಕಾರ್ಖಾನೆಯ ಬೆಲೆ, ಒಂದನ್ನು ಕೊಳ್ಳುವ ನಮ್ಮ-ನಿಮ್ಮ ಬೆಲೆಯಲ್ಲ. ಸಾಗಣೆ, ಮಾರಾಟಗಾರನ ಲಾಭ, ಕೂಲಿ, ಇವೆಲ್ಲ ಅದಕ್ಕೆ ಸೇರುತ್ತವೆ. ತೆರಿಗೆಯ ವ್ಯತ್ಯಾಸವೂ ಇದೆ. ಕಾರಿನೊಡನೆ ಬಂದ ಬ್ಯಾಟರಿಗೆ ಕಾರಿನ ಜಿ.ಎಸ್.ಟಿ.ಯೇ ಅನ್ವಯಿಸುತ್ತದೆ, 2019ರ ಆಗಸ್ಟಿನಿಂದ ಅದು ಶೇಕಡಾ 5. ಅದೇ ಬ್ಯಾಟರಿಯನ್ನು ಬಿಡಿಯಾಗಿ ಕೊಂಡರೆ ಶೇಕಡಾ 18. ಐದು ಲಕ್ಷದ ಬಿಲ್ಲಿನಲ್ಲಿ ತೆರಿಗೆಯ ಪಾಲೇ ಸುಮಾರು 76,000 ರೂಪಾಯಿ!

ತಿಂಗಳ ಲೆಕ್ಕ

ಈಗ ಕಾಗದ-ಪೆನ್ಸಿಲು ಹಿಡಿಯೋಣ. 30 ಯೂನಿಟ್ ಬ್ಯಾಟರಿಯ ಕಾರು. ಪೆಟ್ರೋಲಿಗೆ ಲೀಟರಿಗೆ 105 ರೂಪಾಯಿ, ಲೀಟರಿಗೆ 15 ಕಿಲೋಮೀಟರ್ ಓಟ ಎಂದು ಹಿಡಿದರೆ ಕಿಲೋಮೀಟರಿಗೆ 7 ರೂಪಾಯಿ. ಮನೆಯಲ್ಲಿಯೇ ಚಾರ್ಜ್ ಮಾಡಿ, ಯೂನಿಟ್ಟಿಗೆ 10 ರೂಪಾಯಿ ಕೊಟ್ಟರೆ, ಸೋರಿಕೆಯೂ ಸೇರಿದಂತೆ ಕಿಲೋಮೀಟರಿಗೆ ಸುಮಾರು ಒಂದೂವರೆ ರೂಪಾಯಿ. ಉಳಿತಾಯ ಐದೂವರೆ ರೂಪಾಯಿ.

ಬ್ಯಾಟರಿ ಬದಲಿಸುವ ವೆಚ್ಚವನ್ನು ಐದು ಲಕ್ಷವೆಂದೂ ಅದರ ಆಯುಷ್ಯವನ್ನು ಹತ್ತು ವರ್ಷವೆಂದೂ ಇಟ್ಟುಕೊಳ್ಳೋಣ. ಬ್ಯಾಟರಿ ಇನ್ನೂ ಹೆಚ್ಚು ಕಾಲ ಬಾಳಬಹುದು, ಬೆಲೆ ಇನ್ನೂ ಇಳಿಯಬಹುದು. ಆದರೆ ಬಾರದ ಲಾಭವನ್ನು ಬರೆಯಬಾರದು, ಬರಬಹುದಾದ ನಷ್ಟಕ್ಕೆ ಅವಕಾಶ ಮಾಡಿಕೊಳ್ಳಬೇಕು ಎಂಬುದು ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ವ್ಯಾಪಾರಿ ಸಂಸ್ಥೆಗಳು ಯಂತ್ರಗಳಿಗೆ ಸವಕಳಿ ನಿಧಿಯನ್ನು ತೆಗೆದಿರಿಸುವಂತೆ ನಾವೂ ಒಂದು ಬ್ಯಾಟರಿ ನಿಧಿಯನ್ನು ತೆರೆಯಬಹುದು. ಶೇಕಡಾ 6ರ ಬಡ್ಡಿಯ ರಿಕರಿಂಗ್ ಡಿಪಾಜಿಟ್‌ನಲ್ಲಿ ಹತ್ತು ವರ್ಷಕ್ಕೆ ಐದು ಲಕ್ಷವಾಗಬೇಕಾದರೆ ತಿಂಗಳಿಗೆ ಸುಮಾರು 3,050 ರೂಪಾಯಿ ಕಟ್ಟಬೇಕು.

ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವನ ಇಂಧನದ ಉಳಿತಾಯ 5,500 ರೂಪಾಯಿ. ನಿಧಿಗೆ ಕಟ್ಟಿದ ಮೇಲೆಯೂ 2,450 ರೂಪಾಯಿ ಕೈಯಲ್ಲಿ ಉಳಿಯಿತು. ಇನ್ನೊಬ್ಬನು ಡೊಂಬಿವಲಿಯಿಂದಲೋ ಬೊರಿವಲಿಯಿಂದಲೋ ಲೋಕಲ್ ರೈಲಿನಲ್ಲಿ ಕಚೇರಿಗೆ ಹೋಗಿಬರುವವನು; ಕಾರು ಹೊರಬೀಳುವುದು ಭಾನುವಾರ ಮತ್ತು ಹಬ್ಬ-ಹುಣ್ಣಿಮೆಗೆ. ತಿಂಗಳಿಗೆ 400 ಕಿಲೋಮೀಟರ್ ಎನ್ನೋಣ. ಅವನ ಉಳಿತಾಯ 2,200 ರೂಪಾಯಿ ಮಾತ್ರ. ನಿಧಿಯ ಕಂತಿಗೆ 850 ರೂಪಾಯಿ ಸಾಲದೆ ಬಂತು. ಅವನು ಕಡಿಮೆ ಓಡಿಸಿದನೆಂದು ಕಾಲದ ಸವಕಳಿ ನಿಲ್ಲಲಿಲ್ಲವಷ್ಟೆ! ಕೊಳ್ಳುವಾಗ ಪೆಟ್ರೋಲ್ ಕಾರಿಗಿಂತ ಹೆಚ್ಚಾಗಿ ತೆತ್ತ ಬೆಲೆಯೂ, ಸರ್ವೀಸಿನಲ್ಲಿ ಆಗುವ ಉಳಿತಾಯವೂ ಈ ಲೆಕ್ಕದಲ್ಲಿ ಸೇರಿಲ್ಲವೆಂಬುದನ್ನು ನೆನಪಿಡಬೇಕು.

ಆದುದರಿಂದ ಬ್ಯಾಟರಿ ದುಬಾರಿಯೇ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಹೆಚ್ಚು ಓಡಿಸುವವನಿಗೆ ಅದು ಅಗ್ಗ, ಕಡಿಮೆ ಓಡಿಸುವವನಿಗೆ ದುಬಾರಿ. ಪ್ರದರ್ಶನಾಲಯಕ್ಕೆ ಹೋಗುವ ಮೊದಲು ಕಳೆದ ವರ್ಷ ಎಷ್ಟು ಕಿಲೋಮೀಟರ್ ಓಡಿಸಿದೆವೆಂದು ಹಳೆಯ ಕಾರಿನ ಮೀಟರನ್ನು ನೋಡುವುದು ಲೇಸು.

ಕಡಿಮೆ ಓಡಿಸುವವರಿಗೆ ಇನ್ನೊಂದು ದಾರಿಯೂ ತೆರೆದಿದೆ. 2024ರ ಸೆಪ್ಟೆಂಬರಿನಲ್ಲಿ ಎಂ.ಜಿ. ವಿಂಡ್ಸರ್ ಎಂಬ ಕಾರು ಬಂದಾಗ ಬ್ಯಾಟರಿ ಸಹಿತ 13.49 ಲಕ್ಷ, ಬ್ಯಾಟರಿಯನ್ನು ಬಾಡಿಗೆಗೆ ಪಡೆದರೆ 9.99 ಲಕ್ಷ ಮತ್ತು ಕಿಲೋಮೀಟರಿಗೆ ಮೂರೂವರೆ ರೂಪಾಯಿ ಎಂದು ಆರಂಭದ ಬೆಲೆ ಸಾರಿದರು. ಬೆಲೆಯ ಅಂತರ ಮೂರೂವರೆ ಲಕ್ಷ. ಬಡ್ಡಿಯನ್ನು ಬದಿಗಿಟ್ಟರೆ ಅದು ಸರಿಯಾಗಿ ಒಂದು ಲಕ್ಷ ಕಿಲೋಮೀಟರಿನ ಬಾಡಿಗೆಗೆ ಸಮ. ಅದಕ್ಕಿಂತ ಕಡಿಮೆ ಓಡಿಸುವವನಿಗೆ ಬಾಡಿಗೆ ಲೇಸು, ಹೆಚ್ಚು ಓಡಿಸುವವನಿಗೆ ಸ್ವಂತದ್ದೇ ಲೇಸು. ಆದರೆ ಇಂತಹ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಓಡಿಸಲಿ ಬಿಡಲಿ ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ಬಾಡಿಗೆ ತೆರಬೇಕೆಂಬ ಷರತ್ತು ಇದೆಯೇ ಎಂದು ನೋಡಬೇಕು. ಇದ್ದರೆ ಕಡಿಮೆ ಓಡಿಸುವವನಿಗೆ ಸಿಗುವ ಲಾಭ ಅಲ್ಲಿಯೇ ಕರಗಿಹೋಗುತ್ತದೆ.

ವಾರಂಟಿ ಮತ್ತು ವಿಮೆ

ಟಾಟಾ ಕಂಪನಿಯ ನೆಕ್ಸಾನ್ ವಿದ್ಯುತ್ ಕಾರು 2020ರಲ್ಲಿ ಬಂದಾಗ ಅದರ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್, ಇವೆರಡರಲ್ಲಿ ಯಾವುದು ಮೊದಲೋ ಅಷ್ಟರವರೆಗೆ ವಾರಂಟಿ ನೀಡಲಾಯಿತು. ಈಚೆಗೆ ಕೆಲವು ಮಾದರಿಗಳಿಗೆ ಮೊದಲ ಒಡೆಯನ ಹೆಸರಿನಲ್ಲಿ ಜೀವಮಾನದ ವಾರಂಟಿಯನ್ನೂ ಘೋಷಿಸಿದ್ದಾರೆ. ಜಾಹೀರಾತನ್ನು ನಂಬಿ ಸುಮ್ಮನಿರದೆ ವಾರಂಟಿ ಪತ್ರದ ಸಣ್ಣ ಅಕ್ಷರಗಳಲ್ಲಿ ಮೂರು ಸಂಗತಿಗಳನ್ನು ಹುಡುಕಬೇಕು. ಆರೋಗ್ಯ ನೂರಕ್ಕೆ ಎಷ್ಟರ ಕೆಳಗೆ ಇಳಿದರೆ ಕಂಪನಿ ಹೊಣೆ ಹೊರುತ್ತದೆ? ಸಾಮಾನ್ಯವಾಗಿ ಎಪ್ಪತ್ತು ಎಂದಿರುತ್ತದೆ. 'ಜೀವಮಾನ' ಎಂದರೆ ಎಷ್ಟು ವರ್ಷ? ಕಾರನ್ನು ಮಾರಿದರೆ ಎರಡನೆಯ ಒಡೆಯನಿಗೆ ಆ ಹಕ್ಕಿನಲ್ಲಿ ಎಷ್ಟು ಉಳಿಯುತ್ತದೆ?

ನೆರೆಯ ನೀರಿನಿಂದಾದ ಹಾನಿ ಸಾಮಾನ್ಯವಾಗಿ ವಾರಂಟಿಯೊಳಗೆ ಬಾರದು, ಅದು ವಿಮೆಯ ವಿಷಯ. 2005ರ ಜುಲೈ 26ರ ಮುಂಬಯಿಯ ಮಳೆಯನ್ನೂ 2015ರ ಡಿಸೆಂಬರಿನ ಚೆನ್ನೈ ನೆರೆಯನ್ನೂ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೇಶದ ಮೋಟಾರು ವಿಮೆಯ ರೂಢಿಯ ಪಟ್ಟಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕುಗಳ ಜೊತೆಗೆ ಬ್ಯಾಟರಿಗೂ ಶೇಕಡಾ 50ರಷ್ಟು ಸವಕಳಿ ಕಳೆಯುವ ನಿಯಮವಿದೆ. ಸಣ್ಣ ಬ್ಯಾಟರಿಗೆ ಅದು ದೊಡ್ಡ ಮಾತಲ್ಲ. ಐದು ಲಕ್ಷದ ಬ್ಯಾಟರಿಗೆ ದೊಡ್ಡ ಮಾತೇ. ಕಾರನ್ನು ಓಡಿಸುವ ಮುಖ್ಯ ಬ್ಯಾಟರಿಗೆ ಸವಕಳಿ ಕಳೆಯುವರೇ, ನೆಲಮಾಳಿಗೆಯಲ್ಲಿ ನಿಂತ ಕಾರಿಗೆ ನೀರು ನುಗ್ಗಿದರೆ ಪರಿಹಾರ ಉಂಟೇ ಎಂಬ ಪ್ರಶ್ನೆಗಳಿಗೆ ವಿಮೆ ಕಂಪನಿಯಿಂದ ಬರಹದಲ್ಲಿಯೇ ಉತ್ತರ ಪಡೆಯಬೇಕು.

ಹಳೆಯ ಕಾರು, ಹೊಸ ಸಾಲ

ಹೆಚ್ಚಿನ ಎಚ್ಚರ ಬೇಕಾದುದು ಬಳಸಿದ ಕಾರನ್ನು ಕೊಳ್ಳುವಾಗ. ಐದು ವರ್ಷ ಹಳೆಯ ಕಾರು ಅರ್ಧ ಬೆಲೆಗೆ ಸಿಕ್ಕಿತೆಂದು ಐದು ವರ್ಷಗಳ ಸಾಲ ಪಡೆದರೆ, ಎಂಟು ವರ್ಷಗಳ ವಾರಂಟಿ ಮೂರೇ ವರ್ಷಕ್ಕೆ ತೀರುತ್ತದೆ. ಉಳಿದೆರಡು ವರ್ಷ ವಾರಂಟಿಯ ರಕ್ಷಣೆ ಇರುವುದಿಲ್ಲ, ಕಂತು ಮಾತ್ರ ಇರುತ್ತದೆ. ಆ ಅವಧಿಯಲ್ಲಿ ಬ್ಯಾಟರಿ ಕೆಟ್ಟರೆ ಓಡದ ಕಾರಿಗೆ ಕಂತು ಕಟ್ಟುವ ಸ್ಥಿತಿ ಒದಗುವುದು. ಸಾಲದ ಅವಧಿ ವಾರಂಟಿಯ ಅವಧಿಯನ್ನು ಮೀರಬಾರದೆಂಬುದನ್ನು ಕಟ್ಟುನಿಟ್ಟಿನ ನಿಯಮವಾಗಿ ಇಟ್ಟುಕೊಳ್ಳಬೇಕು. ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಬ್ಯಾಟರಿಯ ಆರೋಗ್ಯವನ್ನು ಅಳೆಸಿ ಪ್ರಮಾಣಪತ್ರ ಪಡೆಯದೆ ಮುಂಗಡ ಕೊಡಲಾಗದು.

ವಾರಂಟಿ ಮುಗಿದ ಮೇಲೆ ತೊಂದರೆ ಬಂದರೂ ಇಡೀ ಬ್ಯಾಟರಿಯನ್ನೇ ಬದಲಿಸಬೇಕೆಂದಿಲ್ಲ. ಅದು ಹಲವು ಕೋಶಗಳ ಮತ್ತು ಕಟ್ಟುಗಳ ಸಮೂಹ. ಒಂದು ಕಟ್ಟು, ಒಂದು ಸ್ವಿಚ್ಚು ಅಥವಾ ನಿಯಂತ್ರಣ ಫಲಕ ಮಾತ್ರ ಕೆಟ್ಟಿರುವುದೂ ಉಂಟು. ಕೋಶಗಳನ್ನು ನೇರವಾಗಿ ಒಂದೇ ಪೆಟ್ಟಿಗೆಯಲ್ಲಿ ಬಿಗಿದಿರುವ ಮಾದರಿಗಳಲ್ಲಿ ಬಿಡಿ ದುರಸ್ತಿ ಕಷ್ಟ. ಇದನ್ನೂ ಕೊಳ್ಳುವಾಗಲೇ ಕೇಳಿ ತಿಳಿಯಬೇಕು. ಹಳೆಯ ಬ್ಯಾಟರಿಗೂ ಬೆಲೆಯಿದೆ. ಕಾರಿಗೆ ಸಾಲದಷ್ಟು ಶಕ್ತಿಗುಂದಿದ್ದರೂ ಸೌರವಿದ್ಯುತ್ತನ್ನು ಕೂಡಿಡಲು ಅದು ಒದಗಬಲ್ಲುದು. 2022ರ ಆಗಸ್ಟಿನಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆಯೇ ಹೊರಿಸಿವೆ. ಹಳೆಯದಕ್ಕೆ ಎಷ್ಟು ವಜಾ ಕೊಡುವಿರಿ ಎಂದು ಧೈರ್ಯವಾಗಿ ಕೇಳಬಹುದು.

ಆಯುಷ್ಯ ಕಾಯುವ ಬಗೆ

ಕಾರಿನ ಕೈಪಿಡಿಯೇ ಇಲ್ಲಿ ಪ್ರಮಾಣ. ಸಾಮಾನ್ಯವಾಗಿ ದಿನನಿತ್ಯದ ಓಡಾಟಕ್ಕೆ ನೂರಕ್ಕೆ ಇಪ್ಪತ್ತರಿಂದ ಎಂಬತ್ತರೊಳಗೆ ಚಾರ್ಜ್ ಇರಿಸುವುದು ಹಿತ. ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿಗಳನ್ನು ಆಗಾಗ್ಗೆ ಪೂರ್ತಿ ತುಂಬಿಸಬೇಕೆಂದು ಕೈಪಿಡಿ ಹೇಳಿದ್ದರೆ ಹಾಗೆಯೇ ಮಾಡಬೇಕು. ಶೀಘ್ರ ಚಾರ್ಜಿಂಗನ್ನು ದೂರದ ಪ್ರಯಾಣಕ್ಕೆ ಮೀಸಲಿಡುವುದೂ, ಕಾರನ್ನು ನೆರಳಿನಲ್ಲಿ ನಿಲ್ಲಿಸುವುದೂ ಉತ್ತಮ. ಮೇ ತಿಂಗಳಿನಲ್ಲಿ ಕಾರನ್ನು ಇಲ್ಲಿಯೇ ಬಿಟ್ಟು ಊರಿಗೆ ಹೊರಡುವವರು ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಅಲ್ಲ, ಬರಿದುಮಾಡಿಯೂ ಅಲ್ಲ, ಅರ್ಧದಷ್ಟು ಇಟ್ಟು ಹೋಗುವುದು ಯುಕ್ತ.

ಬ್ಯಾಟರಿಯ ಬೆಲೆ ಅನಿರೀಕ್ಷಿತ ವಿಪತ್ತಲ್ಲ, ದಿನದಿನವೂ ಕೊಂಚಕೊಂಚವಾಗಿ ತಲುಪುವ ಬಿಲ್ಲು. ಪೆಟ್ರೋಲ್ ಬಂಕಿನಲ್ಲಿ ಕೂಡಲೇ ತೆರುತ್ತಿದ್ದುದನ್ನು ಇಲ್ಲಿ ನಿಧಾನವಾಗಿ ತೆರುತ್ತೇವೆ. ಉಳಿದ ಹಣದಲ್ಲಿ ಒಂದು ಪಾಲನ್ನು ತಿಂಗಳು ತಿಂಗಳೂ ತೆಗೆದಿರಿಸುವ ಕುಟುಂಬಕ್ಕೆ ಹತ್ತನೆಯ ವರ್ಷವೂ ಸಾಮಾನ್ಯ ವರ್ಷದಂತೆಯೇ ಬಂದು ಹೋಗುವುದು. ಬ್ಯಾಟರಿ ಅಲ್ಲಿಯವರೆಗೆ ಕೆಡದೆ ಉಳಿದರೆ ಆ ನಿಧಿಯೇ ಮುಂದಿನ ಕಾರಿಗೋ ಮಕ್ಕಳ ವಿದ್ಯಾಭ್ಯಾಸಕ್ಕೋ ಒದಗುವುದು.