ಗಾಲಿಗೆ ಚೈನು ಕಟ್ಟುವ ಹೊತ್ತು

ನವೆಂಬರ್ ಮುಗಿಯುವ ಹೊತ್ತಿಗೆ ಆಂಟೇರಿಯೋ ಸರೋವರದ ಮೇಲೆ ಬಿಳಿ ಮೋಡದ ಉದ್ದನೆಯ ಪಟ್ಟಿಯೊಂದು ಏಳುತ್ತದೆ. ಮೇಲೆ ಕೆನಡಾದ ಕಡೆಯಿಂದ ಬರುವ ಕೊರೆಯುವ ಗಾಳಿ, ಕೆಳಗೆ ಬೇಸಿಗೆಯ ಕಾವನ್ನು ಇನ್ನೂ ಒಡಲಲ್ಲಿ ಉಳಿಸಿಕೊಂಡ ನೀರು. ಆಳವೆಂದರೆ 244 ಮೀಟರ್‌ವರೆಗೂ ಹೋಗುವ ಸರೋವರ ಇದು. ಪೂರ್ತಿ ಹೆಪ್ಪುಗಟ್ಟುವುದು ತೀರಾ ಅಪರೂಪ. ಬಚ್ಚಲ ಹಂಡೆಯಿಂದ ಏಳುವ ಹಾಗೆ ಚಳಿಗಾಲವಿಡೀ ಅದರ ಮೈಯಿಂದ ಆವಿ ಏಳುತ್ತಲೇ ಇರುತ್ತದೆ. ಪಶ್ಚಿಮದ ಗಾಳಿ ಸರೋವರದ ಮುನ್ನೂರು ಕಿಲೋಮೀಟರ್ ಉದ್ದವನ್ನೂ ಸವರಿಕೊಂಡು ಬಂದು ಆ ಆವಿಯನ್ನೆಲ್ಲ ಹೊತ್ತು ಪೂರ್ವದ ದಂಡೆ ಹತ್ತಿದರೆ ಎದುರಿಗೇ ನೆಲ ಏರತೊಡಗುತ್ತದೆ. ಅದೇ ನ್ಯೂಯಾರ್ಕ್ ರಾಜ್ಯದ ಟಗ್ ಹಿಲ್ ಪ್ರಸ್ಥಭೂಮಿ. ನ್ಯೂಯಾರ್ಕ್ ಎಂದರೆ ಗಗನಚುಂಬಿ ಕಟ್ಟಡಗಳ ಪಟ್ಟಣವೊಂದೇ ನೆನಪಾಗುವವರಿಗೆ ಈ ಸೀಮೆಯ ಕಲ್ಪನೆಯೂ ಬರಲಾರದು. ಇಲ್ಲಿರುವುದು ಕಾಡು, ಹುಲ್ಲುಗಾವಲು, ಹಸುವಿನ ಕೊಟ್ಟಿಗೆ ಮತ್ತು ಹಿಮ.

ಹಿಮವೆಂದರೆ ಎಷ್ಟು? ಮೇಲಿನ ಊರುಗಳಲ್ಲಿ ಒಂದು ಚಳಿಗಾಲಕ್ಕೆ ಐದು ಮೀಟರ್ ಬೀಳುವುದು ಸಾಮಾನ್ಯ ಸಂಗತಿ. 2007ರ ಫೆಬ್ರುವರಿಯಲ್ಲಿ ರೆಡ್‌ಫೀಲ್ಡ್ ಎಂಬ ಪುಟ್ಟ ಊರಿನ ಮೇಲೆ ಹತ್ತೇ ದಿನಗಳಲ್ಲಿ 141 ಅಂಗುಲ ಸುರಿಯಿತು, ಅಂದರೆ ಹನ್ನೊಂದೂಮುಕ್ಕಾಲು ಅಡಿ. 1997ರ ಜನವರಿಯಲ್ಲಿ ಪಕ್ಕದ ಮಾಂಟೆಗ್ಯೂನಲ್ಲಿ ಒಂದೇ ದಿನಕ್ಕೆ 77 ಅಂಗುಲ ಅಳೆದರು. ನಿಯಮಕ್ಕಿಂತ ಹೆಚ್ಚು ಸಲ ಅಳತೆ ಮಾಡಿದ್ದಾರೆಂದು ಆ ದಾಖಲೆಯನ್ನು ಒಪ್ಪಲಿಲ್ಲ. ಅಳತೆಪಟ್ಟಿ ಹಿಡಿದು ನಿಂತವನ ಕಾಲು ಎಷ್ಟು ಹೂತುಹೋಗಿತ್ತೆಂಬುದಕ್ಕೆ ಯಾರ ಒಪ್ಪಿಗೆ ಬೇಕು?

ಇಂಥ ನಾಡಿನಲ್ಲಿ ಜನ ಹಸು ಕಟ್ಟಿಕೊಂಡು ಬದುಕುತ್ತಾರೆ. ಬೆಟ್ಟದ ಪೂರ್ವದ ತಪ್ಪಲಿನ ಲೋವಿಲ್‌ನಲ್ಲಿ ಕ್ರೀಮ್ ಚೀಸ್ ಮಾಡುವ ಭಾರಿ ಕಾರ್ಖಾನೆಯೇ ಇದೆ. ಹಸುವಿಗೆ ಹಿಮಗಿಮ ಗೊತ್ತಿಲ್ಲ. ಬೆಳಿಗ್ಗೆ ಸಂಜೆ ಕರೆಯಲೇಬೇಕು. ಕರೆದ ಹಾಲು ಕೊಟ್ಟಿಗೆಯ ಪಕ್ಕದ ಉಕ್ಕಿನ ತೊಟ್ಟಿಯಲ್ಲಿ ತಂಪಾಗಿ ಕಾಯುತ್ತದೆ. ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಟ್ಯಾಂಕರ್ ಬಂದು ಅದನ್ನು ಬರಿದು ಮಾಡಬೇಕು. ಬರದಿದ್ದರೆ ತೊಟ್ಟಿ ತುಂಬುತ್ತದೆ, ಹಸುವಿನ ಕೆಚ್ಚಲೂ ತುಂಬುತ್ತದೆ. ಆಗ ಉಳಿಯುವುದು ಹಾಲನ್ನು ಚೆಲ್ಲುವ ದಾರಿಯೊಂದೇ. 2014ರ ನವೆಂಬರ್‌ನಲ್ಲಿ ಇದೇ ರಾಜ್ಯದ ಬಫಲೋ ನಗರದ ಸುತ್ತಮುತ್ತ ಹಿಮ ಬಿದ್ದು ರಸ್ತೆಗಳು ಮುಚ್ಚಿದಾಗ ರೈತರು ಹಾಗೆಯೇ ಚೆಲ್ಲಿದರು. ಊರ ರಸ್ತೆಯ ಹಿಮ ತೆಗೆಯಲು ಸರ್ಕಾರದ ಲಾರಿಗಳಿವೆ. ಆದರೆ ಆ ರಸ್ತೆಯಿಂದ ಕೊಟ್ಟಿಗೆಯವರೆಗಿನ ಜಲ್ಲಿ ಹಾದಿ ರೈತನದೇ ಹೊಣೆ. ಆ ಹಾದಿ ತೆರೆದಿಡುವುದು ಟ್ರ್ಯಾಕ್ಟರ್. ಆ ಟ್ರ್ಯಾಕ್ಟರನ್ನು ನೆಲಕ್ಕೆ ಕಚ್ಚಿಸಿ ಇಡುವುದು ಗಾಲಿಗೆ ಸುತ್ತಿದ ಕಬ್ಬಿಣದ ಚೈನು.

ಹಿಮ ಬೀಳುವ ಮುನ್ಸೂಚನೆ ಬಂದ ಮಧ್ಯಾಹ್ನ ಅಂಥದೊಂದು ರೈತರ ಮನೆಯ ಅಪ್ಪ ಮಗ ಇಬ್ಬರೂ ಶೆಡ್ಡಿಗೆ ಬರುತ್ತಾರೆ. ಅಪ್ಪನಿಗೆ ಅರವತ್ತು ದಾಟಿದೆ. ತೊಲೆಗೆ ಹೊಡೆದ ದಪ್ಪ ಮೊಳೆಯಿಂದ ಚೈನಿನ ಜೋಡಿಯನ್ನು ಇಳಿಸುವಾಗ ಬೇಸಿಗೆಯ ಧೂಳು, ತುಕ್ಕಿನ ಪುಡಿ ಎರಡೂ ಮುಖದ ಮೇಲೆ ಉದುರುತ್ತವೆ. ಒಬ್ಬರೇ ಎತ್ತುವ ಭಾರವಲ್ಲ. ನೆಲದ ಮೇಲೆ ಹರಡಿದರೆ ಅದರ ಆಕಾರ ಕಣ್ಣಿಗೆ ಬೀಳುತ್ತದೆ: ಉದ್ದಕ್ಕೆ ಎರಡು ಪಕ್ಕದ ಸರಪಳಿ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಅಡ್ಡ ಸರಪಳಿಗಳು. ಇದನ್ನು ಏಣಿ ಚೈನು ಎನ್ನುತ್ತಾರೆ. ಮೊದಲು ತಿರುಚಿಕೊಂಡ ಕೊಂಡಿಗಳನ್ನೆಲ್ಲ ಬಿಡಿಸಬೇಕು. ಅಡ್ಡ ಸರಪಳಿಯನ್ನು ಪಕ್ಕದ್ದಕ್ಕೆ ಸಿಕ್ಕಿಸಿರುವ ಕೊಕ್ಕೆಗಳ ಬಾಯಿ ಹೊರಮುಖವಾಗಿಯೇ ಇರಬೇಕು. ಒಳಮುಖವಾದರೆ ಅದೇ ಕೊಕ್ಕೆ ಟೈರಿನ ಪಕ್ಕೆಯನ್ನು ದಿನವೂ ಕೊರೆಯುತ್ತದೆ. ಅಪ್ಪ ಮಂಡಿಯೂರಿ ಕೂತು ಒಂದೊಂದನ್ನೂ ಬೆರಳಲ್ಲಿ ಸವರಿ ನೋಡುತ್ತಾನೆ.

ಆಮೇಲೆ ಇಬ್ಬರೂ ಎರಡು ಕಡೆ ಹಿಡಿದು ಹಿಂದಿನ ದೊಡ್ಡ ಗಾಲಿಯ ನೆತ್ತಿಯ ಮೇಲೆ ಹಾಕುತ್ತಾರೆ. ಕೆಳಗಿನ ತುದಿಯನ್ನು ಟೈರು ನೆಲ ಮುಟ್ಟುವ ಕಡೆ ಒತ್ತಿಟ್ಟು, ಮಗ ಟ್ರ್ಯಾಕ್ಟರನ್ನು ಒಂದು ಮೊಳ ಮುಂದಕ್ಕೆ ಉರುಳಿಸುತ್ತಾನೆ. ಚೈನು ಗಾಲಿಯ ಕೆಳಗೆ ಸಿಕ್ಕಿ ತಾನಾಗಿಯೇ ಸುತ್ತಿಕೊಳ್ಳುತ್ತದೆ. ಇಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಒಳಗಡೆಯ ಕೊಂಡಿ ಮೊದಲು. ಗಾಲಿಗೂ ಆಕ್ಸಲ್‌ಗೂ ನಡುವಿನ ಆ ಕತ್ತಲ ಸಂದಿಯಲ್ಲಿ ಕಣ್ಣಿಗೆ ಕೆಲಸವಿಲ್ಲ. ಕೈಗವಸು ಹಾಕಿದ ಬೆರಳಿಗೆ ಕೊಕ್ಕೆ ತಿಳಿಯುವುದಿಲ್ಲ. ತೆಗೆದರೆ ತಣ್ಣನೆಯ ಕಬ್ಬಿಣ ಚರ್ಮವನ್ನು ಹಿಡಿಯುತ್ತದೆ. ಅಪ್ಪ ತೆಗೆದೇ ಮಾಡುತ್ತಾನೆ. ಒಳಗಿನದು ಕೂತ ಮೇಲೆ ಹೊರಗಿನದು, ಅದಕ್ಕೆ ಸನ್ನೆಕೋಲಿನ ಬಲ.

“ಇನ್ನೊಂದು ಕೊಂಡಿ ಎಳಿ.”

“ಆಗಲ್ಲ ಅಪ್ಪ, ಇಷ್ಟೇ ಬರೋದು.”

“ಒಂದು ಸುತ್ತು ಓಡಿಸಿಕೊಂಡು ಬಾ, ಬರುತ್ತೆ.”

ಬರುತ್ತದೆ. ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದರೆ ಚೈನು ತನ್ನ ಜಾಗದಲ್ಲಿ ಕೂತು ಎರಡು ಕೊಂಡಿಯಷ್ಟು ಸಡಿಲವಾಗಿರುತ್ತದೆ. ಮತ್ತೆ ಬಿಗಿಯಬೇಕು. ಉಳಿದ ತುದಿಯನ್ನು ತಂತಿಯಿಂದ ಕಟ್ಟಬೇಕು, ಇಲ್ಲದಿದ್ದರೆ ಗಾಲಿ ತಿರುಗಿದಾಗಲೆಲ್ಲ ಅದು ಮಡ್‌ಗಾರ್ಡಿಗೆ ಬಡಿಯುತ್ತದೆ. ಈ ಎರಡನೇ ಬಿಗಿತವೇ ಇಡೀ ಕೆಲಸದ ಜೀವಾಳ ಎಂದು ನನ್ನ ಅನಿಸಿಕೆ. ಸಡಿಲ ಚೈನು ಹಿಡಿತ ಕೊಡುವುದಿಲ್ಲ, ಮೇಲಾಗಿ ಹರಿದು ಬ್ರೇಕಿನ ಸರಳನ್ನೋ ಹೈಡ್ರಾಲಿಕ್ ಪೈಪನ್ನೋ ಎಳೆದುಕೊಂಡು ಹೋಗುತ್ತದೆ.

ಟ್ರ್ಯಾಕ್ಟರಿಗೆ ಈ ಕಟ್ಟು ಯಾಕೆ ಬೇಕಾಯಿತು ಎಂಬುದಕ್ಕೆ ಒಂದು ಹಿನ್ನೆಲೆಯಿದೆ. ಹಳೆಯ ಟ್ರ್ಯಾಕ್ಟರುಗಳ ಗಾಲಿ ಉಕ್ಕಿನದು, ಮೈತುಂಬ ಚೂಪು ಹಲ್ಲು. ನೆಲವನ್ನು ಕಚ್ಚಿಕೊಂಡೇ ನಡೆಯುತ್ತಿದ್ದವು, ಆದರೆ ಆಮೆ ವೇಗ, ಮೂಳೆ ಮುರಿಯುವ ಕುಲುಕಾಟ. 1932ರಲ್ಲಿ ಅಲಿಸ್ ಚಾಮರ್ಸ್ ಕಂಪನಿ ಗಾಳಿ ತುಂಬಿದ ರಬ್ಬರ್ ಟೈರಿನ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದ ಮೇಲೆ ಕೆಲವೇ ವರ್ಷಗಳಲ್ಲಿ ಉಕ್ಕಿನ ಗಾಲಿ ಮೂಲೆ ಸೇರಿತು. ವೇಗ ಬಂತು, ಇಂಧನವೂ ದುಡ್ಡೂ ಉಳಿಯಿತು. ಮಂಜುಗಡ್ಡೆಯ ಮೇಲಿನ ಕಚ್ಚು ಮಾತ್ರ ಹೋಯಿತು. ಹೋದದ್ದನ್ನು ಮರಳಿ ತರುವ ಉಪಾಯ ಅಷ್ಟರಲ್ಲಾಗಲೇ ಸಿದ್ಧವಿತ್ತು, ಅದೂ ಇದೇ ಸೀಮೆಯಲ್ಲಿ. ಲೋವಿಲ್‌ನಿಂದ ನೂರು ಕಿಲೋಮೀಟರ್ ಆಸುಪಾಸಿನ ಕ್ಯಾನಸ್ಟೋಟ ಎಂಬ ಊರಿನ ಹ್ಯಾರಿ ವೀಡ್ 1904ರಲ್ಲಿ ಟೈರಿನ ಚೈನಿಗೆ ಪೇಟೆಂಟ್ ಪಡೆದ. ಕೆಸರು, ಹಿಮದಲ್ಲಿ ಸಿಕ್ಕಿಬಿದ್ದ ಕಾರುಗಳವರು ಗಾಲಿಗೆ ಹಗ್ಗ, ಬಳ್ಳಿ ಸುತ್ತಿಕೊಂಡು ಪಾರಾಗುವುದನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ಹಿಮದ ಪಟ್ಟಿ ಬಂದು ಬಡಿಯುವ ಸೀಮೆಯಲ್ಲೇ ಈ ಯುಕ್ತಿ ಹುಟ್ಟಿದ್ದು ನನಗಂತೂ ತುಂಬ ಸಹಜವಾಗಿ ಕಾಣುತ್ತದೆ.

ಮಲೆನಾಡಿನವರಿಗೆ ಈ ನೋಟ ಹೊಸದಲ್ಲ. ಆಷಾಢದ ಮಳೆಯಲ್ಲಿ ಕಾಫಿ ತೋಟದ ಏರುದಾರಿ ಹತ್ತಲು ಜೀಪಿನ ಗಾಲಿಗೆ ಚೈನು ಕಟ್ಟಿ, ಕೆಂಪು ಕೆಸರನ್ನು ಎರಡೂ ಬದಿಗೆ ಚಿಮ್ಮಿಸುತ್ತ ಹೋಗುವ ಚಾಲಕರು ಟಗ್ ಹಿಲ್‌ನ ರೈತನ ಕೆಲಸವನ್ನೇ ಮಾಡುತ್ತಾರೆ. ಗದ್ದೆಯಲ್ಲಿ ಕೆಸರು ಮಾಡುವಾಗ ಟ್ರ್ಯಾಕ್ಟರಿಗೆ ಹಾಕುವ ಕೇಜ್ ವೀಲ್ ಕೂಡ ಇದೇ ಬಳಗದ್ದು. ನೆಲ ಕೈಕೊಟ್ಟಲ್ಲೆಲ್ಲ ರೈತ ಕಬ್ಬಿಣದ ಮೊರೆ ಹೋಗಿದ್ದಾನೆ.

ಬೆಳಗಿನ ನಾಲ್ಕೂವರೆ. ಅಂಗಳದ ದೀಪದ ಸುತ್ತ ಹಿಮ ಸುಳಿಯುತ್ತಿದೆ. ಇಂಜಿನ್ ಬೆಚ್ಚಗಿಡುವ ಹೀಟರು ರಾತ್ರಿಯಿಡೀ ಪ್ಲಗ್‌ನಲ್ಲಿತ್ತು. ಟ್ಯಾಂಕಿನಲ್ಲಿ ಚಳಿಗಾಲದ ಡೀಸೆಲ್ಲು. ಬೇಸಿಗೆಯ ಡೀಸೆಲ್ ಉಳಿದಿದ್ದರೆ ಈ ಚಳಿಗೆ ಮೇಣಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು. ಒಂದೆರಡು ಕೆಮ್ಮಿನ ನಂತರ ಇಂಜಿನ್ ಹಿಡಿಯುತ್ತದೆ. ಟ್ರ್ಯಾಕ್ಟರ್ ಶೆಡ್ಡಿನ ಕಾಂಕ್ರೀಟ್ ದಾಟುವವರೆಗೆ ಚೈನು ಖಣಖಣ ಕುಟ್ಟುತ್ತದೆ, ಸೀಟಿನ ಮೇಲೆ ಕೂತವನ ಹಲ್ಲೂ ಅದರ ಜೊತೆಗೇ. ಹಿಮಕ್ಕೆ ಇಳಿದೊಡನೆ ಸದ್ದು ಬದಲಾಗಿ ಗರಗರ ಅಗಿಯತೊಡಗುತ್ತದೆ.

ಹಿಮಕ್ಕಿಂತ ಅದರ ಕೆಳಗಿನದು ಕಷ್ಟದ್ದು. ಹಗಲು ಟ್ಯಾಂಕರು ಓಡಾಡಿ ಒತ್ತಿದ ಹಿಮ ರಾತ್ರಿ ಗಡ್ಡೆಯಾಗುತ್ತದೆ. ಕಡುಚಳಿಯ ಮಂಜುಗಡ್ಡೆ ಅಷ್ಟು ಜಾರುವುದಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನದು, ಮೇಲೆ ನೀರಿನ ತೆಳುಪೊರೆ ಹೊತ್ತದ್ದು, ಅದೇ ಮೋಸಗಾರ. ಅಗಲವಾದ ರಬ್ಬರ್ ಟೈರು ತನ್ನ ಭಾರವನ್ನು ಅಷ್ಟಗಲಕ್ಕೂ ಹಂಚಿ ಅದರ ಮೇಲೆ ತೇಲುತ್ತದೆ. ಚೈನು ಬಂದರೆ ಅದೇ ಭಾರ ನಾಲ್ಕಾರು ಕೊಂಡಿಗಳ ಮೇಲೆ, ಬೆರಳಗಲದ ಜಾಗಗಳ ಮೇಲೆ ಕೂರುತ್ತದೆ. ಗಡ್ಡೆ ಬಿರಿಯುತ್ತದೆ, ಕೊಂಡಿ ಒಳಗೆ ಇಳಿಯುತ್ತದೆ, ಟ್ರ್ಯಾಕ್ಟರ್ ಮುಂದೆ ಹೋಗುತ್ತದೆ. ಹಿಂದೆ ತಿರುಗಿ ನೋಡಿದರೆ ಹಾದಿಯುದ್ದಕ್ಕೂ ಗೀರು ಗೀರು ಅಚ್ಚು. ಇಂಜಿನ್ನಿನ ಅಶ್ವಶಕ್ತಿ ಹೆಚ್ಚಿಸಿಕೊಳ್ಳಲು ಜನ ಲಕ್ಷಗಟ್ಟಲೆ ಸುರಿಯುತ್ತಾರೆ. ಗಡ್ಡೆಯ ಮೇಲೆ ಆ ಶಕ್ತಿಯೆಲ್ಲ ಗಾಲಿಯನ್ನು ಇದ್ದಲ್ಲೇ ತಿರುಗಿಸುವುದಕ್ಕಷ್ಟೇ ಸಾಕು.

ಆದರೆ ಏಣಿ ಚೈನಿಗೆ ಅದರದೇ ಮಿತಿಯಿದೆ. ಹೊಲದ ಟೈರಿನಲ್ಲಿ ಓರೆಯಾಗಿ ಎದ್ದ ದಪ್ಪ ದಿಂಡುಗಳಿರುತ್ತವಲ್ಲ, ಅಡ್ಡ ಸರಪಳಿ ಕೆಲವೊಮ್ಮೆ ಅವುಗಳ ನಡುವಿನ ಹಳ್ಳಕ್ಕೆ ಜಾರಿ ಬಿದ್ದು ನೆಲವನ್ನು ಮುಟ್ಟುವುದೇ ಇಲ್ಲ. ಅದಕ್ಕಿಂತ ದೊಡ್ಡದು ಅಡ್ಡ ಇಳಿಜಾರಿನ ಅಪಾಯ. ಅಡ್ಡ ಸರಪಳಿ ಮುಂದೆ ಹಿಂದೆ ಜಾರುವುದನ್ನು ತಡೆಯುತ್ತದೆ. ಪಕ್ಕಕ್ಕೆ ಜಾರುವಾಗ ಅದು ಮಲಗಿರುವುದೇ ಆ ದಿಕ್ಕಿಗೆ. ಹಾಗಾಗಿ ತಡೆಯುವುದರ ಬದಲು ಅದೇ ಜಾರುಪಟ್ಟಿಯಾಗುತ್ತದೆ. ಓರೆಯಾಗಿ ಹೆಣೆದ, ವಜ್ರಾಕಾರದ ಕಣ್ಣುಗಳ ಬಲೆಚೈನು ಆದರೆ ಯಾವ ದಿಕ್ಕಿಗೂ ಬಿಡುವುದಿಲ್ಲ. ಟೈರಿನ ಹಳ್ಳಕ್ಕೂ ಬೀಳುವುದಿಲ್ಲ. ಬೆಲೆ ಮಾತ್ರ ಜಾಸ್ತಿ.

ಮುಂದಿನ ಬಕೆಟ್ಟಿನಲ್ಲಿ ಹಿಮ ತುಂಬಿ ಎತ್ತಿದಾಗ ಭಾರವೆಲ್ಲ ಮುಂದಿನ ಗಾಲಿಗೆ ಬರುತ್ತದೆ, ಹಿಂದಿನದು ಹಗುರಾಗುತ್ತದೆ. ಭಾರವಿಲ್ಲದ ಗಾಲಿಗೆ ಎಂಥ ಚೈನು ಕಟ್ಟಿ ಏನು ಪ್ರಯೋಜನ? ಅದಕ್ಕೇ ಹಿಂದೆ ಕಾಂಕ್ರೀಟ್ ತುಂಬಿದ ಪೆಟ್ಟಿಗೆ ತೂಗುಹಾಕುತ್ತಾರೆ. ಟೈರಿನೊಳಗೂ ದ್ರವ ತುಂಬುತ್ತಾರೆ. ಬರಿ ನೀರು ಹೆಪ್ಪುಗಟ್ಟುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಹೆಪ್ಪುಗಟ್ಟದು, ಆದರೆ ಸೋರಿದರೆ ರಿಮ್ಮನ್ನು ತುಕ್ಕು ತಿನ್ನುತ್ತದೆ. ಈಚೆಗೆ ಸಕ್ಕರೆ ಬೀಟ್‌ರೂಟಿನ ರಸ ತುಂಬುವವರು ಹೆಚ್ಚು: ನೀರಿಗಿಂತ ತೂಕ, ಇಲ್ಲಿಯ ಚಳಿಗೂ ಗಟ್ಟಿಯಾಗದು, ಕಬ್ಬಿಣಕ್ಕೆ ತೊಂದರೆಯಿಲ್ಲ.

ಇಳಿಯುವಾಗ ಅಪ್ಪನ ಮುಖ ಬಿಗಿಯುತ್ತದೆ. ಸಾಮಾನ್ಯವಾಗಿ ಟ್ರ್ಯಾಕ್ಟರಿನ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ. ಹಿಂಭಾಗ ಹಗುರಾಗಿರುವಾಗ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಗಾಲಿ ನಿಲ್ಲುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಆದ್ದರಿಂದ ಬಕೆಟ್ ನೆಲಕ್ಕೆ ಗೇಣು ಮೇಲಷ್ಟೇ, ಗೇರು ತೀರಾ ಕೆಳಗಿನದು, ನಾಲ್ಕು ಗಾಲಿಗೂ ಎಳೆತ ಕೂಡಿಸಿ, ಸೊಂಟಕ್ಕೆ ಬೆಲ್ಟು, ತಲೆಯ ಮೇಲೆ ಉರುಳಿದರೆ ಕಾಯುವ ಕಬ್ಬಿಣದ ಚೌಕಟ್ಟು. ಚೈನು ಕಟ್ಟಿದ ಧೈರ್ಯದಲ್ಲಿ ಹೋಗಬಾರದ ಇಳಿಜಾರಿಗೆ ಹೋದವರ ಕಥೆ ಇಲ್ಲಿ ಊರೂರಿಗೆ ಇದೆ.

ಏಳರ ಹೊತ್ತಿಗೆ ಹಾದಿಯ ಎರಡೂ ಬದಿ ಎದೆಯೆತ್ತರ ಗೋಡೆ. ಟ್ಯಾಂಕರು ಹಿಮ್ಮುಖವಾಗಿ ಕೊಟ್ಟಿಗೆಗೆ ಬರುತ್ತದೆ, ಚಾಲಕ ಪೈಪು ಜೋಡಿಸುತ್ತಾನೆ, ಪಂಪಿನ ಗುಂಯ್ ಸದ್ದಿಗೆ ಹಾಲು ಹೊರಡುತ್ತದೆ. ಅಪ್ಪ ಟ್ರ್ಯಾಕ್ಟರಿನಿಂದ ಇಳಿದವನೇ ಮಾಡುವ ಮೊದಲ ಕೆಲಸ, ಗಾಲಿಯ ಸುತ್ತ ಬಗ್ಗಿ ಕೊಂಡಿಗಳನ್ನು ಎಳೆದು ನೋಡುವುದು.

ಮಾರ್ಚ್ ಬಂದರೆ ಮೇಪಲ್ ಮರಗಳ ಸರದಿ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಆ ಕೆಲವು ವಾರಗಳಲ್ಲಿ ಮಾತ್ರ ಮರದ ರಸ ಇಳಿಯುತ್ತದೆ. ನಲವತ್ತು ಗ್ಯಾಲನ್ ರಸ ಕಾಯಿಸಿದರೆ ಒಂದು ಗ್ಯಾಲನ್ ಸಿರಪ್. ರಸಕ್ಕೆ ಹೇಳಿ ಮಾಡಿಸಿದ ಆ ಹವೆಯೇ ಗಾಲಿಗೆ ಶತ್ರು: ಬೆಳಿಗ್ಗೆ ಗಾಜಿನಂಥ ಗಡ್ಡೆ, ಮಧ್ಯಾಹ್ನ ಮೊಣಕಾಲು ಕೆಸರು. ತುಂಬಿದ ರಸದ ತೊಟ್ಟಿಯನ್ನು ತೋಪಿನ ಅಡ್ಡ ಇಳಿಜಾರಿನಲ್ಲಿ ಎಳೆದು ತರುವಾಗ ಈ ಸಲ ಟ್ರ್ಯಾಕ್ಟರ್ ಪಕ್ಕಕ್ಕೆ ಒಂದು ಮಾರು ಸರಿದು ಮೇಪಲ್ ಬುಡಕ್ಕೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಏಪ್ರಿಲ್‌ನಲ್ಲಿ ಚೈನು ಬಿಚ್ಚಿ ತೊಳೆದು ಹರಡಿದಾಗ ಅಡ್ಡ ಸರಪಳಿಗಳ ನಡುಗೊಂಡಿಗಳು ಅರ್ಧಕ್ಕರ್ಧ ಸವೆದಿದ್ದವು. ಸವೆದ ಮೆಟ್ಟಿಲುಗಳನ್ನಷ್ಟೇ ಬದಲಿಸಿದರೆ ಇನ್ನೆರಡು ಚಳಿಗಾಲ ಎಳೆಯಬಹುದೆಂದು ಅಪ್ಪನ ಲೆಕ್ಕ. ತೋಪಿಗೆ ಹೋಗುವುದಾದರೆ ಬಲೆಚೈನೇ ಆಗಬೇಕೆಂದು ಮಗನ ಹಟ. ಅಪ್ಪ ಸ್ವಲ್ಪ ಹೊತ್ತು ಆ ಸವೆದ ಕೊಂಡಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತ. ಕೊನೆಗೆ ಮಗನನ್ನು ಕರೆದು, ಟೈರಿನ ಅಳತೆ ಓದಿ ಹೇಳು, ಬರೆದುಕೊಳ್ಳುತ್ತೇನೆ ಎಂದ.