ಟ್ರ್ಯಾಕ್ಟರು, ಟ್ರೇಲರು ನಡೆಸುವವರ ಲೈಸೆನ್ಸು: ಹಂಗಾಮಿಗೆ ಮುಂಚೆಯೇ ಮಾಡಿಸಿರಿ

ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ಅಕ್ಕಲಕೋಟೆ, ಜತ್ತ ಭಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ. ಎತ್ತಿನ ಬಂಡಿಯ ಕಾಲದಲ್ಲಿ ಹಗ್ಗ ಹಿಡಿದವನೇ ಗಾಡಿಕಾರ. ಅವನಿಗೆ ಯಾವ ಕಾಗದವೂ ಬೇಕಿರಲಿಲ್ಲ. ಅದೇ ರೂಢಿಯಿಂದ ನಾವು ಟ್ರ್ಯಾಕ್ಟರನ್ನೂ ಮನೆಯ ಹುಡುಗರ ಕೈಗೆ ಕೊಟ್ಟುಬಿಡುತ್ತೇವೆ. ಆದರೆ ಹೊಲದ ಬದು ದಾಟಿ ರಸ್ತೆಗೆ ಬಂದ ಟ್ರ್ಯಾಕ್ಟರು ಬಂಡಿಯಲ್ಲ, ಮೋಟಾರು ವಾಹನ. ಅದನ್ನು ನಡೆಸುವವನ ಹತ್ತಿರ ಲೈಸೆನ್ಸು ಇರಲೇಬೇಕು.

ಟ್ರ್ಯಾಕ್ಟರಿನ ಲೈಸೆನ್ಸು ಇದ್ದವನು ಟ್ರೇಲರಿಗೆಂದು ಬೇರೆ ಲೈಸೆನ್ಸು ತೆಗೆಯಬೇಕೆ? ಬೇಕಿಲ್ಲ. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಇದನ್ನು ತೀರ್ಮಾನಿಸಿತು: ಟ್ರೇಲರು ಜೋಡಿಸಿ ಮಾಲು ಹೇರಿದ ಮಾತ್ರಕ್ಕೆ ಟ್ರ್ಯಾಕ್ಟರಿನ ಲೈಸೆನ್ಸು ನಿರರ್ಥಕವಾಗುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಖಾಲಿ ತೂಕ 7500 ಕಿಲೋ ಮೀರದ ಟ್ರ್ಯಾಕ್ಟರು ಹಗುರ ಮೋಟಾರು ವಾಹನವೇ ಆಗಿದೆ. ಆದರೆ ಟ್ರೇಲರಿನ ನೋಂದಣಿ, ವಿಮೆ ಬೇರೆಯಾಗಿ ಇವೆಯೋ ಇಲ್ಲವೋ ನೋಡಿಕೊಳ್ಳಬೇಕು. ಪರರ ಮಾಲನ್ನು ಬಾಡಿಗೆಗೆ ಸಾಗಿಸುವವರು ಆ ಕೆಲಸಕ್ಕೆ ತಕ್ಕ ನೋಂದಣಿ, ವಿಮೆಗಳನ್ನೇ ಮಾಡಿಸಬೇಕು.

ಲೈಸೆನ್ಸು ಪಡೆಯುವ ಕ್ರಮ ಹೀಗಿದೆ. 18 ವರ್ಷ ತುಂಬಿರಬೇಕು. ಮೊದಲು ಕಲಿಯುವವರ ಲೈಸೆನ್ಸು ತೆಗೆಯಬೇಕು. ಅದಕ್ಕೆ ರಸ್ತೆಯ ಚಿಹ್ನೆ, ನಿಯಮಗಳ ಮೇಲೆ ಪರೀಕ್ಷೆ ಇರುತ್ತದೆ. ವಯಸ್ಸು 40 ದಾಟಿದವರು ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಈ ಲೈಸೆನ್ಸು 6 ತಿಂಗಳು ನಡೆಯುತ್ತದೆ. ಕಲಿಯುವಾಗ ವಾಹನದ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ ಇರಬೇಕು. ಲೈಸೆನ್ಸು ಇದ್ದವನೊಬ್ಬ ಜೊತೆಗಿದ್ದು ಕಲಿಸಬೇಕು. 30 ದಿನ ಕಳೆದ ಮೇಲೆಯೇ ಓಡಿಸುವ ಪರೀಕ್ಷೆಗೆ ಹೋಗಲು ಬರುತ್ತದೆ. ಆದುದರಿಂದ ಕಾರ್ಖಾನೆಯ ಕೊಂಬು ಊದಿದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ. ಶ್ರಾವಣ ಮಾಸದಲ್ಲಿಯೇ ಅರ್ಜಿ ಹಾಕಿರಿ.

ಟ್ರೇಲರು ಕಟ್ಟಿಕೊಂಡು ಹಿಂದಕ್ಕೆ ತೆಗೆಯುವುದನ್ನು ಬಯಲಿನಲ್ಲಿ ಚೆನ್ನಾಗಿ ರೂಢಿ ಮಾಡಿಕೊಳ್ಳಿರಿ. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಎಡಕ್ಕೆ ಹೋಗುತ್ತದೆ. ಇದು ಕೈಗೆ ಬರಲು ದಿನ ಹಿಡಿಯುತ್ತದೆ.

ಗಡಿಯವರಾದ ನಮಗೆ ಒಂದು ಅನುಕೂಲವಿದೆ. ಸೊಲ್ಲಾಪುರದಲ್ಲಿಯೋ ಸಾಂಗಲಿಯಲ್ಲಿಯೋ ಪಡೆದ ಲೈಸೆನ್ಸು ಭಾರತದಲ್ಲೆಲ್ಲ ನಡೆಯುತ್ತದೆ. ಇಂಡಿ, ಅಫಜಲಪುರದ ಕಡೆ ಕಬ್ಬು ಒಯ್ಯಲು ಬೇರೆ ಲೈಸೆನ್ಸು ಬೇಡ.

ಇನ್ನು ಲೈಸೆನ್ಸು ಇಲ್ಲದೆ ನಡೆಸಿದರೆ ಏನಾಗುತ್ತದೆ? 2019ರ ತಿದ್ದುಪಡಿಯ ಪ್ರಕಾರ ದಂಡ 5000 ರೂಪಾಯಿ. ಅಂಥವನ ಕೈಗೆ ವಾಹನ ಕೊಟ್ಟ ಮಾಲಿಕನೂ ತಪ್ಪಿತಸ್ಥನೇ. 18 ತುಂಬದ ಹುಡುಗ ನಡೆಸಿ ತಪ್ಪು ಮಾಡಿದರೆ ಪಾಲಕನಿಗೆ ಅಥವಾ ಮಾಲಿಕನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆವಾಸ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗದು. ಇದಕ್ಕಿಂತ ದೊಡ್ಡ ಹೊಡೆತ ಬೇರೆ ಇದೆ. ಅಪಘಾತದಲ್ಲಿ ಒಬ್ಬರು ಸತ್ತರೆ, ಲೈಸೆನ್ಸು ಇರಲಿಲ್ಲವೆಂದು ವಿಮಾ ಕಂಪನಿಯು ಪರಿಹಾರದ ಹಣವನ್ನು ಮಾಲಿಕನಿಂದಲೇ ವಸೂಲು ಮಾಡಬಹುದು. ಆಗ ಹೊಲ ಮಾರುವ ಪ್ರಸಂಗ ಬರುತ್ತದೆ. ಟ್ರೇಲರಿನಲ್ಲಿ ಜಾತ್ರೆಗೆ, ಮದುವೆಗೆ ಜನರನ್ನು ತುಂಬುವುದೂ ಹೀಗೆಯೇ. ಅವರಿಗೆ ವಿಮೆಯ ಆಸರೆ ಇರುವುದಿಲ್ಲ.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು? ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರು ನಡೆಸುವವರು ಎಷ್ಟು ಜನ, ಲೈಸೆನ್ಸು ಇದ್ದವರು ಎಷ್ಟು ಜನ? ಇದನ್ನು ಇಂದೇ ಎಣಿಸಿ ನೋಡಿರಿ.